ತಲೆ ಲೆಕ್ಕ, ಕಾಲು ಲೆಕ್ಕ

2016ರ ಜೂನ್ 27. ಫ್ರಾನ್ಸಿನ ನೀಸ್ ನಗರದಲ್ಲಿ ಯೂರೊ ಕಪ್ ಪಂದ್ಯ ಶುರುವಾದಾಗ ನಮ್ಮಲ್ಲಿ ರಾತ್ರಿ ಹನ್ನೆರಡೂವರೆ. ನಾಲ್ಕನೇ ನಿಮಿಷಕ್ಕೇ ಇಂಗ್ಲೆಂಡಿನ ವೇಯ್ನ್ ರೂನಿ ಪೆನಾಲ್ಟಿಯಲ್ಲಿ ಗೋಲು ಹೊಡೆದ. ಇನ್ನೇನು ನೋಡುವುದಿದೆ ಎಂದು ಟಿ.ವಿ. ಆರಿಸಿ ಮಲಗಿಬಿಟ್ಟೆ. ಬೆಳಿಗ್ಗೆ ಎದ್ದರೆ ಐಸ್‌ಲ್ಯಾಂಡ್ 2, ಇಂಗ್ಲೆಂಡ್ 1. ಇನ್ನೆರಡು ನಿಮಿಷ ಎಚ್ಚರವಾಗಿದ್ದಿದ್ದರೆ ಐಸ್‌ಲ್ಯಾಂಡಿನ ಮೊದಲ ಗೋಲನ್ನಾದರೂ ನೋಡಬಹುದಿತ್ತು ಎಂಬ ಹಳಹಳಿ ಈಗಲೂ ಇದೆ.

ಆ ಗೋಲನ್ನು ಆಮೇಲೆ ಎಷ್ಟು ಸಲ ನೋಡಿದ್ದೇನೋ. ನಾಯಕ ಆರೋನ್ ಗುನ್ನಾರ್ಸನ್ ಗೆರೆಯಾಚೆಯಿಂದ ಎರಡೂ ಕೈಯಲ್ಲಿ ಚೆಂಡು ಎತ್ತಿ ಎಸೆಯುತ್ತಾನೆ. ಎಸೆತ ಅನ್ನುವುದಕ್ಕಿಂತ ಕವಣೆಕಲ್ಲು ಅನ್ನಬೇಕು. ನೇರ ಗೋಲಿನ ಮುಂದಿನ ಗುಂಪಿಗೇ ಹೋಗಿ ಬೀಳುತ್ತದೆ. (ಇವನ ಅಣ್ಣತಮ್ಮಂದಿರಲ್ಲೊಬ್ಬ ಐಸ್‌ಲ್ಯಾಂಡ್ ಹ್ಯಾಂಡ್‌ಬಾಲ್ ತಂಡದಲ್ಲಿ ಆಡಿದವನು. ಆ ದೇಶಕ್ಕೆ ಹ್ಯಾಂಡ್‌ಬಾಲ್ ಹುಚ್ಚೂ ಇದೆ; 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿದ್ದರು.) ಕಾರಿ ಆರ್ನಸನ್ ತಲೆಯಿಂದ ಚೆಂಡನ್ನು ಹಿಂದಕ್ಕೆ ಸವರುತ್ತಾನೆ, ನುಗ್ಗಿಬಂದ ರಾಗ್ನಾರ್ ಸಿಗುರ್ಡ್ಸನ್ ಕಾಲು ಚಾಚುತ್ತಾನೆ. ಅಷ್ಟೇ. ಐದು ದಿನ ಮೊದಲು ಆಸ್ಟ್ರಿಯಾ ಮೇಲೂ ಇದೇ ಎಸೆತ, ಇದೇ ತಲೆ. ಗೋಲು ಹೊಡೆದ ಕಾಲು ಮಾತ್ರ ಬೇರೆಯವನದು. ಇಡೀ ಯೂರೋಪು ನೋಡಿದ್ದ ಪಟ್ಟು ಅದು.

ಆ ವರ್ಷ ಐಸ್‌ಲ್ಯಾಂಡಿನ ಜನಸಂಖ್ಯೆ ಸುಮಾರು 3.3 ಲಕ್ಷ. ನಮ್ಮ ಕೊಡಗು ಜಿಲ್ಲೆಯದು 2011ರ ಜನಗಣತಿಯಲ್ಲೇ 5.54 ಲಕ್ಷ ಇತ್ತು. ಎರಡು ವರ್ಷ ಕಳೆದು ಇದೇ ಐಸ್‌ಲ್ಯಾಂಡ್ ವಿಶ್ವಕಪ್ಪಿಗೆ ಹೋಗಿ ಮೊದಲ ಪಂದ್ಯದಲ್ಲಿ ಅರ್ಜೆಂಟೀನಾವನ್ನು 1-1ಕ್ಕೆ ಕಟ್ಟಿಹಾಕಿತು. ಅಂದು ಮೆಸ್ಸಿಯ ಪೆನಾಲ್ಟಿ ತಡೆದ ಗೋಲ್‌ಕೀಪರ್ ಹಾನ್ನೆಸ್ ಹಾಲ್ಡೋರ್ಸನ್ ವೃತ್ತಿಯಲ್ಲಿ ಚಿತ್ರ ನಿರ್ದೇಶಕ. ಕೋಚ್ ಹೇಮಿರ್ ಹಾಲ್ಗ್ರಿಮ್ಸನ್ ದಂತವೈದ್ಯ. ಪತ್ರಿಕೆಗಳಿಗೆ ಹಬ್ಬವಾಯಿತು: ಛಲ, ದೇಶಾಭಿಮಾನ, ವೈಕಿಂಗ್ ರಕ್ತ. ನನಗೆ ಈ ವಿವರಣೆ ಹಿಡಿಸುವುದಿಲ್ಲ. ಛಲ ಪುಟಾಣಿ ದೇಶ ಸ್ಯಾನ್ ಮರೀನೊಗೂ ಇದೆ. ಆದರೂ 2004ರ ಒಂದು ಗೆಲುವಿನ ನಂತರ ಇನ್ನೊಂದಕ್ಕೆ ಅವರು ಕಾದದ್ದು ಇಪ್ಪತ್ತು ವರ್ಷ.

ಬದಲಿಗೆ ಒಂದು ಲೆಕ್ಕ ಹಾಕೋಣ. ಕಾಲ್ಚೆಂಡಿನ ಪ್ರತಿಭೆಯನ್ನು ಅಳೆಯಲು ಟೇಪು ಇಲ್ಲ, ಹಾಗಾಗಿ ಅದರ ಜಾಗದಲ್ಲಿ ಎತ್ತರ ಇಟ್ಟುಕೊಳ್ಳಿ. ಗಂಡಸರ ಸರಾಸರಿ ಎತ್ತರ 165 ಸೆಂ.ಮೀ. ಅನ್ನೋಣ. ಮೂರರಲ್ಲಿ ಇಬ್ಬರು ಸರಾಸರಿಗಿಂತ 6 ಸೆಂ.ಮೀ. ಹೆಚ್ಚು ಅಥವಾ ಕಡಿಮೆಯ ಒಳಗೇ ಬರುತ್ತಾರೆ. ಆಚೆಗೆ ಹೋದಂತೆಲ್ಲ ಜನ ಭಾರೀ ವೇಗದಲ್ಲಿ ವಿರಳವಾಗುತ್ತಾರೆ. ಗಣಿತದವರ ಗಂಟೆಯಾಕಾರದ ರೇಖೆ ಇದೇ. ಈಗ ಇಬ್ಬರಿಗೆ ಒಂದೇ ಕೆಲಸ: ನಿಮ್ಮಲ್ಲಿನ ಅತಿ ಎತ್ತರದ ಹನ್ನೊಂದು ಮಂದಿಯನ್ನು ತನ್ನಿ. ಐಸ್‌ಲ್ಯಾಂಡಿನಲ್ಲಿ ಆಡುವ ವಯಸ್ಸಿನ ಗಂಡಸರು ಸುಮಾರು 35 ಸಾವಿರ. ಭಾರತದಲ್ಲಿ 18 ಕೋಟಿ ಎಂದಿಟ್ಟುಕೊಳ್ಳಿ. ಐದು ಸಾವಿರ ಪಟ್ಟು.

ಐಸ್‌ಲ್ಯಾಂಡಿನ ಸಾಲಿನ ಹನ್ನೊಂದನೆಯವನ ಎತ್ತರ ಸುಮಾರು 185.5 ಸೆಂ.ಮೀ. ಬರುತ್ತದೆ. ನಮ್ಮವನದು 197. ಐದು ಸಾವಿರ ಪಟ್ಟು ಜನ ಇದ್ದೂ ಸಿಕ್ಕಿದ್ದು ಒಂದು ಗೇಣಿಗೂ ಕಡಿಮೆ. ಜನ ಹತ್ತು ಪಟ್ಟಾದಾಗಲೆಲ್ಲ ತುದಿಯಲ್ಲಿರುವವನ ಎತ್ತರ ಮೂರು ಸೆಂ.ಮೀ. ಆಸುಪಾಸು ಮಾತ್ರ ಏರುತ್ತದೆ, ಏರಿಕೆ ಬರಬರುತ್ತ ಇನ್ನೂ ಸಣ್ಣದಾಗುತ್ತದೆ.

ಆದರೂ 11 ಸೆಂ.ಮೀ.ಗೂ ಹೆಚ್ಚು ಅಂದರೆ ಕಡಿಮೆಯೇನಲ್ಲ. ಈಗ ಒಂದು ಸಣ್ಣ ತಿದ್ದುಪಡಿ. ನಮ್ಮಲ್ಲಿ ಟೇಪು ಹಿಡಿದವನು ಸಾವಿರಕ್ಕೊಬ್ಬನನ್ನು ಮಾತ್ರ ಅಳೆದ, ಮಿಕ್ಕವರ ಮನೆಗೆ ಅವನು ಹೋಗಲೇ ಇಲ್ಲ ಅನ್ನಿ. ಆಗ ನಮ್ಮ ಹನ್ನೊಂದನೆಯವನು 188ಕ್ಕೆ ಇಳಿಯುತ್ತಾನೆ. ಉಳಿದ ಅಂತರ ಎರಡೂವರೆ ಸೆಂ.ಮೀ. ಅಷ್ಟನ್ನು ಒಳ್ಳೆಯ ಊಟ ತುಂಬಿಸಿಬಿಡುತ್ತದೆ. ಊರಿನ ಎಲ್ಲ ಮಕ್ಕಳಿಗೂ ಹೊಟ್ಟೆ ತುಂಬಾ ಹಾಲು, ಮೊಟ್ಟೆ ಸಿಕ್ಕರೆ ಸರಾಸರಿಯೇ ಮೇಲೇಳುತ್ತದೆ. ಎತ್ತರಕ್ಕೆ ಊಟ ಹೇಗೋ ಆಟಕ್ಕೆ ತರಬೇತಿ ಹಾಗೆ. ಸಾವಿರಕ್ಕೊಬ್ಬ ಎಂಬುದು ನನ್ನ ಊಹೆ, ನಿಜ. ಆದರೆ ನೀವು ಓದಿದ ಶಾಲೆಯಲ್ಲಿ ಚೆಂಡು ಎಷ್ಟಿತ್ತು, ಅದರಲ್ಲಿ ಗಾಳಿ ಇದ್ದದ್ದು ಎಷ್ಟು ದಿನ ಎಂದು ನೆನಪಿಸಿಕೊಂಡು ನಿಮ್ಮದೇ ಸಂಖ್ಯೆ ಹಾಕಿಕೊಳ್ಳಬಹುದು. ಫುಟ್ಬಾಲಿನಲ್ಲಿ ತಲೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಎಣಿಸಬೇಕಾದ್ದು ಚೆಂಡು ಮುಟ್ಟಿದ ಕಾಲುಗಳನ್ನು.

ಐಸ್‌ಲ್ಯಾಂಡ್ ಮಾಡಿದ್ದು ಇದನ್ನೇ. ಡಿಸೆಂಬರಿನಲ್ಲಿ ರಾಜಧಾನಿ ರೇಕ್ಯವಿಕ್‌ನಲ್ಲಿ ಬೆಳಕು ಇರುವುದು ದಿನಕ್ಕೆ ನಾಲ್ಕು ಗಂಟೆ. ಬಯಲಿನಲ್ಲಿ ಹಿಮ, ಗಾಳಿ. ಮೊದಲೆಲ್ಲ ಅಲ್ಲಿನ ಹುಡುಗರು ಚಳಿಗಾಲಕ್ಕೆ ಜಲ್ಲಿ ಮೈದಾನದಲ್ಲಿ ಮಂಡಿ ತರಚಿಕೊಳ್ಳಬೇಕಿತ್ತು. 2000ದಲ್ಲಿ ಕೆಫ್ಲಾವಿಕ್‌ನಲ್ಲಿ ಪೂರ್ತಿ ಮೈದಾನವನ್ನೇ ಚಾವಣಿಯ ಕೆಳಗೆ ತಂದರು. 2002ರಲ್ಲಿ ಕೋಪವೋಗುರ್‌ನಲ್ಲಿ ಇನ್ನೊಂದು. ಆಮೇಲೆ ಊರೂರಿಗೂ ಬಂತು. ಇವು ಶ್ರೀಮಂತ ಕ್ಲಬ್ಬಿನ ಸ್ವತ್ತಲ್ಲ. ಬಹುಮಟ್ಟಿಗೆ ಪುರಸಭೆಗಳು ಕಟ್ಟಿಸಿದವು. ದಿನದ ಪಾಠ ಮುಗಿದ ಕೂಡಲೇ ಮಕ್ಕಳು ನೇರ ಅಲ್ಲಿಗೆ ಹೋಗುತ್ತವೆ.

ಕಟ್ಟಡಕ್ಕಿಂತ ಮುಖ್ಯವಾದದ್ದು ಕಲಿಸುವವರು. 2016ರ ಹೊತ್ತಿಗೆ ಅಲ್ಲಿ ಯೂರೋಪಿನ ಫುಟ್ಬಾಲ್ ಒಕ್ಕೂಟ ಕೊಡುವ ಯುಇಎಫ್‌ಎ ‘ಬಿ’ ಪರವಾನಗಿ ಪಡೆದ ತರಬೇತುದಾರರು ಆರುನೂರರ ಆಚೀಚೆ ಇದ್ದರು, ಅಂದರೆ ಐನೂರು ಚಿಲ್ಲರೆ ಜನಕ್ಕೊಬ್ಬ. ಆರು ವರ್ಷದ ಮಗು ಶೂ ದಾರ ಕಟ್ಟಿಕೊಳ್ಳಲು ಒದ್ದಾಡುವಾಗ ಎದುರಿಗಿರುವವನು ಪುರುಸೊತ್ತಾದಾಗ ಬರುವ ಯಾರದೋ ಅಪ್ಪನಲ್ಲ, ಪರೀಕ್ಷೆ ಪಾಸಾಗಿ ಸಂಬಳ ತೆಗೆದುಕೊಳ್ಳುವ ಕೋಚ್. ಜಾಣ ಕಾಲಿನವನಿಗೂ ಪೆದ್ದ ಕಾಲಿನವನಿಗೂ ಅದೇ ಕೋಚ್, ಅದೇ ಚಾವಣಿ. ಚಾವಣಿಯ ಕೆಳಗೆ ಬೆಳೆದ ಮೊದಲ ಗುಂಪೇ 2011ರಲ್ಲಿ 21 ವರ್ಷದೊಳಗಿನವರ ಯೂರೊ ಟೂರ್ನಿಗೆ ಅರ್ಹತೆ ಪಡೆಯಿತು. ದಾರಿಯಲ್ಲಿ ಜರ್ಮನಿಗೆ 4-1ರ ಏಟು ಕೊಟ್ಟಿತ್ತು. ಗಿಲ್ವಿ ಸಿಗುರ್ಡ್ಸನ್, ಗುನ್ನಾರ್ಸನ್, ಕೋಲ್ಬೇನ್ ಸಿಗ್ತೋರ್ಸನ್ ಎಲ್ಲ ಅದೇ ಗುಂಪು. ರಾಷ್ಟ್ರೀಯ ತಂಡಗಳಿಗೆ ವರ್ಷದಲ್ಲಿ ಒಟ್ಟಿಗೆ ಅಭ್ಯಾಸ ಮಾಡಲು ಸಿಗುವುದು ಕೆಲವೇ ದಿನ. ಇವರೋ ಹುಡುಗಾಟದಿಂದ ಒಬ್ಬರ ಓಟ ಇನ್ನೊಬ್ಬರು ಬಲ್ಲವರು.

ಮೇಲೆ ಕೊಡಗಿನ ಹೆಸರು ತಂದದ್ದು ಬರೀ ಹೋಲಿಕೆಗಲ್ಲ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ ಎಂದು ಆ ಪುಟ್ಟ ಜಿಲ್ಲೆ ಭಾರತದ ಹಾಕಿ ತಂಡಕ್ಕೆ ಕೊಟ್ಟ ಹೆಸರು ಹೇಳುತ್ತ ಹೋದರೆ ಉಸಿರು ಕಟ್ಟುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡ ಗ್ರಾಮದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಒಂದೊಂದು ಒಕ್ಕವೂ ಒಂದೊಂದು ತಂಡ. ಅಜ್ಜ, ಸೊಸೆ, ಏಳನೇ ಕ್ಲಾಸಿನ ಹುಡುಗ ಒಂದೇ ಕಡೆ ಆಡುತ್ತಾರೆ. ಟೇಪು ಹಿಡಿದವನು ಅಲ್ಲಿ ಪ್ರತಿ ಮನೆಗೂ ಹೋಗಿಬಿಟ್ಟಿದ್ದಾನೆ.

ಉರುಗ್ವೆ ಈ ಕೆಲಸವನ್ನು ಚಾವಣಿ ಇಲ್ಲದೆ ಮಾಡಿತು. 1930 ಮತ್ತು 1950ರ ವಿಶ್ವಕಪ್ ಗೆದ್ದ, ಇಂದಿಗೂ ಸುಮಾರು 35 ಲಕ್ಷ ಜನರಷ್ಟೇ ಇರುವ ದೇಶ ಅದು. ಆರರಿಂದ ಹದಿಮೂರು ವರ್ಷದ ಮಕ್ಕಳಿಗಾಗಿ ‘ಬೇಬಿ ಫುಟ್ಬಾಲ್’ ಲೀಗುಗಳು ದೇಶದ ತುಂಬ ಇವೆ. ವಾರಾಂತ್ಯ ಬಂತೆಂದರೆ ಬಡಾವಣೆಯ ಅಂಗಳಕ್ಕೆ ಅಪ್ಪ ಅಮ್ಮ ಅಜ್ಜಿ ಎಲ್ಲ ಹಾಜರು. ಸಾಲ್ಟೊ ಎಂಬ ಲಕ್ಷ ಜನರ ಊರಿನಲ್ಲಿ 1987ರಲ್ಲಿ ಇಪ್ಪತ್ತೊಂದು ದಿನಗಳ ಅಂತರದಲ್ಲಿ ಇಬ್ಬರು ಹುಟ್ಟಿದರು: ಲೂಯಿಸ್ ಸುವಾರೆಸ್, ಎಡಿನ್ಸನ್ ಕವಾನಿ.

ದೊಡ್ಡ ದೇಶಗಳು ತಮಗೆ ಗೊತ್ತಿಲ್ಲದೆ ಪ್ರತಿಭೆಯನ್ನು ಸೋರಿಹಾಕುವ ಒಂದು ತೂತು ಇದೆ. ಹತ್ತು ವರ್ಷದೊಳಗಿನವರ ತಂಡಕ್ಕೆ ಜನವರಿ 1 ಗಡಿ ಎಂದಿಟ್ಟರೆ, ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಹನ್ನೊಂದು ತಿಂಗಳು ಹಿರಿಯ. ಆ ವಯಸ್ಸಿನಲ್ಲಿ ಅದು ಎರಡು ಮೂರು ಬೆರಳು ಎತ್ತರ, ಒಂದಿಷ್ಟು ಕಸುವು. ಆಯ್ಕೆಗಾರ ಅದನ್ನೇ ಪ್ರತಿಭೆ ಎಂದುಕೊಳ್ಳುತ್ತಾನೆ. ಕೆನಡಾದ ಐಸ್ ಹಾಕಿಯಲ್ಲಿ ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು 1985ರಲ್ಲಿ ಇದನ್ನು ಎತ್ತಿ ತೋರಿಸಿದರು; ಆಮೇಲೆ ಫುಟ್ಬಾಲಿನಲ್ಲೂ ಮತ್ತೆ ಮತ್ತೆ ಕಂಡಿದೆ. ಸಾವಿರ ಹುಡುಗರಲ್ಲಿ ಇಪ್ಪತ್ತು ಜನರನ್ನು ಆರಿಸುವ ಕಡೆ ಡಿಸೆಂಬರಿನವನು ಒಂಬತ್ತಕ್ಕೇ ಮನೆಗೆ. ಇರುವುದೇ ಹದಿನಾಲ್ಕು ಹುಡುಗರು ಎನ್ನುವ ಊರಲ್ಲಿ ಯಾರನ್ನು ಬಿಡುತ್ತೀರಿ? ಬೆಲ್ಜಿಯಂನವರು ತಡವಾಗಿ ಬೆಳೆಯುವ ಹುಡುಗರಿಗಾಗಿ ಬೇರೆ ತಂಡವನ್ನೇ ಮಾಡಿದರು. ಕೆವಿನ್ ಡಿ ಬ್ರೌನ ಅದರಲ್ಲಿ ಆಡಿದವನು. (ಸುವಾರೆಸ್ ಜನವರಿ, ಕವಾನಿ ಫೆಬ್ರುವರಿ. ನನ್ನ ವಾದಕ್ಕೆ ಅನುಕೂಲವಾಗಿ ಹುಟ್ಟಬೇಕೆಂದು ಅವರಿಗೇನು ಹರಕೆ?)

ಇಷ್ಟಾದರೂ ಸಣ್ಣವರು ದೊಡ್ಡವರಷ್ಟು ಬಲಿಷ್ಠರಾಗುವುದಿಲ್ಲ. ಮಿಕ್ಕದ್ದನ್ನು ಆಟದ ಸ್ವಭಾವವೇ ಕೊಡುತ್ತದೆ. 2022ರ ವಿಶ್ವಕಪ್ಪಿನ 64 ಪಂದ್ಯಗಳಲ್ಲಿ ಬಂದ ಗೋಲು 172, ಪಂದ್ಯಕ್ಕೆ ಮೂರೂ ಇಲ್ಲ. ಹೀಗೆ ಆಗೊಮ್ಮೆ ಈಗೊಮ್ಮೆ ಆಗುವ ಘಟನೆಗಳಿಗೆ ಫ್ರೆಂಚ್ ಗಣಿತಜ್ಞ ಪ್ವಾಸೋನ್ ಹೆಸರಿನ ಸೂತ್ರವಿದೆ. ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ವರ್ಷಕ್ಕೆಷ್ಟು ಸೈನಿಕರು ಸಾಯುತ್ತಾರೆ ಎಂಬುದಕ್ಕೆ ಅದನ್ನು ಹಚ್ಚಿ ನೋಡಿದ್ದು ಪ್ರಸಿದ್ಧ. ಚೆಂಡು ಒದೆಯುವುದಕ್ಕೂ ಅದು ಚೆನ್ನಾಗಿಯೇ ಒಗ್ಗುತ್ತದೆ. ಬಲವಾದ ತಂಡ ಪಂದ್ಯಕ್ಕೆ ಸರಾಸರಿ 1.8 ಗೋಲು, ದುರ್ಬಲ ತಂಡ 0.8 ಹೊಡೆಯುತ್ತದೆ ಎಂದಿಟ್ಟುಕೊಂಡು ಲೆಕ್ಕ ಮಾಡಿ. ಇಮ್ಮಡಿಗೂ ಮಿಕ್ಕಿದ ಬಲ. ಆದರೂ ದುರ್ಬಲರು ಗೆಲ್ಲುವ ಸಾಧ್ಯತೆ ಶೇ 16, ಡ್ರಾ ಶೇ 23. ಹತ್ತು ಪಂದ್ಯದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಅವರು ಸೋಲದೆ ಹೊರಬರುತ್ತಾರೆ. ಬಾಸ್ಕೆಟ್‌ಬಾಲಿನಲ್ಲಿ ಇಂಥ ಆಟ ನಡೆಯದು. ಅಂಕ ಎಂಬತ್ತು ತೊಂಬತ್ತಕ್ಕೆ ಏರುವಷ್ಟರಲ್ಲಿ ಅದೃಷ್ಟ ಸವೆದುಹೋಗಿರುತ್ತದೆ. ಗುನ್ನಾರ್ಸನ್ನನ ಎಸೆತದ ಬೆಲೆ ಇರುವುದು ಇಲ್ಲೇ: ತೊಂಬತ್ತು ನಿಮಿಷ ಚೆಂಡು ಎದುರಾಳಿಯ ಬಳಿಯೇ ಇರಲಿ, ಇಂಥ ಎರಡು ಎಸೆತ ಸಿಕ್ಕರೆ ಸಾಕು.

ಇನ್ನು ಕೇಪ್ ವರ್ಡೆಯದು ಬೇರೆಯೇ ದಾರಿ. ಐದು ಲಕ್ಷ ಚಿಲ್ಲರೆ ಜನರ ಆ ಅಟ್ಲಾಂಟಿಕ್ ದ್ವೀಪಗಳಿಂದ ಹೊಟ್ಟೆಪಾಡಿಗೆ ಹೊರಗೆ ಹೋದವರ ಮಕ್ಕಳು ಮೊಮ್ಮಕ್ಕಳು ಪೋರ್ಚುಗಲ್, ಹಾಲೆಂಡ್, ಫ್ರಾನ್ಸ್ ತುಂಬ ಇದ್ದಾರೆ. ಊರಿನ ಹೊರಗಿನ ಕಾಲುಗಳನ್ನೂ ಎಣಿಕೆಗೆ ಸೇರಿಸಿಕೊಂಡರು. ಡಬ್ಲಿನ್‌ನಲ್ಲಿ ಹುಟ್ಟಿ ಬೆಳೆದ ರೊಬರ್ಟೊ ಲೋಪೆಸ್‌ಗೆ ಕೇಪ್ ವರ್ಡೆಯ ಕೋಚ್ ಲಿಂಕ್ಡ್‌ಇನ್‌ನಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಸಂದೇಶ ಕಳಿಸಿದರೆ, ಆಸಾಮಿ ಯಾವುದೋ ಸ್ಪ್ಯಾಮ್ ಎಂದು ತಿಂಗಳುಗಟ್ಟಲೆ ಸುಮ್ಮನಿದ್ದನಂತೆ. 2025ರ ಅಕ್ಟೋಬರಿನಲ್ಲಿ ಕೇಪ್ ವರ್ಡೆ ಕ್ಯಾಮೆರೂನನ್ನು ಹಿಂದಿಕ್ಕಿ ವಿಶ್ವಕಪ್ಪಿಗೆ ಅರ್ಹತೆ ಪಡೆದಾಗ ಲೋಪೆಸ್ ರಕ್ಷಣಾ ಪಡೆಯಲ್ಲಿದ್ದ. ನಮಗೆ ಈ ದಾರಿ ಬಹುಪಾಲು ಮುಚ್ಚಿದೆ. ಭಾರತ ಇಬ್ಬಗೆ ಪೌರತ್ವ ಒಪ್ಪದು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟೇ ಭಾರತದವನಾಗಬೇಕಾಯಿತು.

ಈಗ ನನ್ನ ಮಾತಿಗೆ ನಾನೇ ಕೊಕ್ಕೆ ಹಾಕಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಶೇ 100 ಪಡೆದ ಶಾಲೆಗಳ ಪಟ್ಟಿ ನೋಡಿ, ಒಂಬತ್ತು, ಹನ್ನೆರಡು ಮಕ್ಕಳ ಶಾಲೆಗಳು ಸಾಲಾಗಿ ಸಿಗುತ್ತವೆ. ಸಣ್ಣ ಶಾಲೆ ಒಳ್ಳೆಯದು ಎಂದು ತೀರ್ಮಾನಿಸುವ ಮುನ್ನ ಸೊನ್ನೆ ಫಲಿತಾಂಶದ ಪಟ್ಟಿಯನ್ನೂ ತೆಗೆಯಿರಿ; ಅಲ್ಲೂ ಅಷ್ಟೇ ಮಕ್ಕಳ ಶಾಲೆಗಳೇ. ನಾನೂರು ಮಕ್ಕಳ ಶಾಲೆ ಮೇಲಿನ ಪಟ್ಟಿಗೂ ಅಪರೂಪ, ಕೆಳಗಿನದಕ್ಕೂ ಅಪರೂಪ. ಸಂಖ್ಯೆ ಸಣ್ಣದಾದಷ್ಟೂ ತೊನೆದಾಟ ಜಾಸ್ತಿ. 38 ಲಕ್ಷದ ಕ್ರೊಯೇಷ್ಯಾ ಎರಡು ವಿಶ್ವಕಪ್ಪಿನಲ್ಲಿ ಸತತ ಪದಕ ಹೊತ್ತದ್ದು ನೋಡಿ ಬೆರಗಾಗುವ ನಾವು, ಅದಕ್ಕಿಂತ ಸಣ್ಣ ಹತ್ತಾರು ದೇಶಗಳು ಸದ್ದಿಲ್ಲದೆ ಸೋಲುವುದನ್ನು ನೋಡುವುದೇ ಇಲ್ಲ. ಐಸ್‌ಲ್ಯಾಂಡಿನ ಮೈದಾನಗಳ ಚಾವಣಿ ಹಾರಿಹೋಗಿಲ್ಲ, ಕೋಚುಗಳೂ ಅಲ್ಲೇ ಇದ್ದಾರೆ. ಆದರೆ 2018ರ ನಂತರ ಅದರ ಗಂಡಸರ ತಂಡ ಒಂದು ದೊಡ್ಡ ಟೂರ್ನಿಗೂ ಅರ್ಹತೆ ಪಡೆದಿಲ್ಲ. ಒಂದು ತಲೆಮಾರಿನಲ್ಲಿ ಐದು ಜನ ಚೆನ್ನಾಗಿದ್ದರು, ಮುಂದಿನದರಲ್ಲಿ ಇಬ್ಬರು. 35 ಸಾವಿರದ ಬುಟ್ಟಿಯಲ್ಲಿ ಅದೂ ಸಹಜವೇ.

2025ರ ನವೆಂಬರ್ 16ರಂದು ವಾರ್ಸಾದಲ್ಲಿ ಉಕ್ರೇನ್ ಎದುರು ಐಸ್‌ಲ್ಯಾಂಡಿಗೆ ಡ್ರಾ ಸಿಕ್ಕಿದ್ದರೂ ವಿಶ್ವಕಪ್ ಅರ್ಹತೆಯ ಕೊನೆಯ ಸುತ್ತಾದ ಪ್ಲೇಆಫ್ ಖಾತ್ರಿಯಿತ್ತು. ಎಂಬತ್ತು ನಿಮಿಷ ತಡೆದು ನಿಂತರು. ಕೊನೆಗೆ ಎರಡು ಗೋಲು ಬಿತ್ತು. ಎರಡು ದಿನದ ನಂತರ ಕಿಂಗ್‌ಸ್ಟನ್‌ನಲ್ಲಿ ಜಮೈಕಾ ಎದುರು ಕುರಸಾವ್ ಆಡಿತು. ಒಂದೂವರೆ ಲಕ್ಷ ಚಿಲ್ಲರೆ ಜನರ ಕೆರಿಬಿಯನ್ ದ್ವೀಪ. ಆಟಗಾರರಲ್ಲಿ ಬಹುತೇಕರು ಹುಟ್ಟಿದ್ದು ಹಾಲೆಂಡಿನಲ್ಲಿ. ಅವರಿಗೂ ಡ್ರಾ ಸಾಕಿತ್ತು. ಜಮೈಕಾ ಹೊಡೆದ ಚೆಂಡು ಮೂರು ಸಲ ಗೋಲಿನ ಚೌಕಟ್ಟಿಗೇ ಬಡಿದು ವಾಪಸು ಬಂತು. ತೊಂಬತ್ತು ನಿಮಿಷಕ್ಕೆ ಸೇರಿಸಿದ ಸಮಯದಲ್ಲಿ ಕೊಟ್ಟ ಪೆನಾಲ್ಟಿಯನ್ನು ರೆಫರಿ ವಿಡಿಯೊ ನೋಡಿ ಹಿಂತೆಗೆದುಕೊಂಡ. 0-0. ವಿಶ್ವಕಪ್ಪಿಗೆ ಹೋದ ಅತಿ ಸಣ್ಣ ದೇಶ ಎಂದು ಐಸ್‌ಲ್ಯಾಂಡ್ ಹೆಸರಲ್ಲಿದ್ದ ದಾಖಲೆ ಅಂದು ಕುರಸಾವ್ ಪಾಲಾಯಿತು.