ಮಂಡಿಯ ಲೆಕ್ಕಕ್ಕೆ ಯಾವ ಗಡಿಯಾರ?

ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳದ ಆವಕ ಜೋರಾದಾಗ ದಲ್ಲಾಳಿ ಅಂಗಡಿಯ ಕಂಪ್ಯೂಟರ್‌ಗಳಿಗೂ ಬಿಡುವಿರುವುದಿಲ್ಲ. ತೂಕದ ಹತ್ತಿರ ಒಂದು, ಗುಮಾಸ್ತರ ಮೇಜಿನ ಮೇಲೆ ಇನ್ನೊಂದು. ಕರೆಂಟು, ನೆಟ್ಟು ಆಗಾಗ ಕೈಕೊಡುತ್ತವೆ. ಇಂಥ ಅಂಗಡಿಗಳಿಗೆ ಸಾಫ್ಟ್‌ವೇರ್ ಬರೆಯಲು ಬರುವ ಹೊಸಬರಿಗೆ ನಾನು ಮೊದಲು ಹೇಳುವುದು ಇಷ್ಟು: ಯಾವ ಎಂಟ್ರಿ ಮೊದಲಿನದು, ಯಾವುದು ಆಮೇಲಿನದು ಎಂದು ತೀರ್ಮಾನಿಸಲು ಸಿಸ್ಟಂ ಟೈಮ್, ಅಂದರೆ ಕಂಪ್ಯೂಟರ್ ತೋರಿಸುವ ವೇಳೆ, ನಂಬಬೇಡಿ.

ಒಂದು ಲಾಟ್ ತೆಗೆದುಕೊಳ್ಳಿ. 40 ಕ್ವಿಂಟಲ್ ಮೆಕ್ಕೆಜೋಳ, ದರ 2,210 ರೂಪಾಯಿ. ತೂಕದವರು ಅವಸರದಲ್ಲಿ 2,120 ಎಂದು ಒತ್ತಿದರು. ಆ ಕಂಪ್ಯೂಟರ್ ಐದು ನಿಮಿಷ ಮುಂದಿದೆ, ಎಂಟ್ರಿಗೆ 11:06 ಎಂದು ಬಿತ್ತು. ಗುಮಾಸ್ತರು ಅದನ್ನು ನೋಡಿ ಕೂಡಲೇ ತಿದ್ದಿದರು. ಅವರ ಕಂಪ್ಯೂಟರಿನಲ್ಲಿ ಆಗ 11:03. ಎರಡೂ ಸಿಂಕ್ ಆದಾಗ ಸಾಫ್ಟ್‌ವೇರ್ 'ಕೊನೆಯದ್ದೇ ಸರಿ' ಎಂದು ತಪ್ಪು ದರವನ್ನೇ ಉಳಿಸಿಕೊಳ್ಳುತ್ತದೆ. ರೈತನಿಗೆ 3,600 ರೂಪಾಯಿ ಖೋತಾ. ಪರದೆ ಮೇಲೆ ಎಲ್ಲೂ ಎರರ್ ಬರುವುದಿಲ್ಲ, ನನಗೆ ಭಯವಾಗುವುದು ಅದಕ್ಕೇ.

ಗಡಿಯಾರ ಹೀಗೆ ತಪ್ಪುವುದು ಅಪರೂಪವೇನಲ್ಲ. ಸಾಮಾನ್ಯ ಕ್ವಾರ್ಟ್ಜ್ ಹರಳು ದಿನಕ್ಕೆ ಒಂದೆರಡು ಸೆಕೆಂಡ್ ಅತ್ತಿತ್ತ ಆಗಬಲ್ಲದು. ಮದರ್‌ಬೋರ್ಡಿನ ಸೆಲ್ ಸತ್ತರೆ ವರ್ಷಗಳೇ ಹಿಂದಕ್ಕೆ ಹೋಗುತ್ತವೆ. ನೆಟ್ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಸರಿಪಡಿಸುತ್ತದೆ ನಿಜ, ಆದರೆ ಸರಿಪಡಿಸುವಾಗ ಸಮಯ ಹಿಂದಕ್ಕೂ ಜಿಗಿಯಬಹುದು. 2012ರ ಜುಲೈ 1ರಂದು, ನಮ್ಮ ಬೆಳಗಿನ ಐದೂವರೆಗೆ, ಭೂಮಿಯ ತಿರುಗುವಿಕೆಗೆ ಹೊಂದಿಸಲು ಜಾಗತಿಕ ಸಮಯಕ್ಕೆ ಅಧಿಕ ಸೆಕೆಂಡ್ ಒಂದನ್ನು ಸೇರಿಸಿದ್ದಕ್ಕೆ ಎಷ್ಟೋ ಲಿನಕ್ಸ್ ಸರ್ವರ್‌ಗಳು ಸಿಕ್ಕಿಹಾಕಿಕೊಂಡವು.

ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಇದಕ್ಕೆ ದಾರಿ ತೋರಿಸಿದ್ದಾರೆ. ಪ್ರತಿ ಕಂಪ್ಯೂಟರಿನಲ್ಲಿ ಒಂದು ಕೌಂಟರ್. ಕೆಲಸ ನಡೆದಾಗಲೆಲ್ಲ ಒಂದು ಹೆಚ್ಚಿಸಿ, ಆ ಸಂಖ್ಯೆಯನ್ನು ಎಂಟ್ರಿಯ ಜೊತೆಗೇ ಕಳಿಸಿ. ಬೇರೆ ಕಡೆಯಿಂದ ಸಂದೇಶ ಬಂದರೆ ಅದರ ಸಂಖ್ಯೆ, ನಿಮ್ಮ ಸಂಖ್ಯೆ ಎರಡರಲ್ಲಿ ದೊಡ್ಡದಕ್ಕೆ ಒಂದು ಕೂಡಿಸಿ. ನಮ್ಮ ಲಾಟಿನಲ್ಲಿ ತೂಕದ ಎಂಟ್ರಿ 41, ಗುಮಾಸ್ತರ ಕೌಂಟರ್ ಇನ್ನೂ 17 ಎನ್ನಿ. ಎಂಟ್ರಿ ತಲುಪಿದ ಕೂಡಲೇ ಅದು 42 ಆಗುತ್ತದೆ, ತಿದ್ದುಪಡಿಗೆ 43 ಬೀಳುತ್ತದೆ. ಗೋಡೆ ಗಡಿಯಾರ ಏನೇ ಹೇಳಲಿ, ನೋಡಿ ತಿದ್ದಿದ್ದು ನೋಡಿದ್ದಕ್ಕಿಂತ ಮುಂದೇ ಇರುತ್ತದೆ. ಇಡೀ ಕೋಡ್ ಹತ್ತು ಸಾಲು ಮೀರುವುದಿಲ್ಲ.

ಹಾಗೆಂದು ಸಿಸ್ಟಂ ಟೈಮ್ ಬಿಸಾಡುವಂತಿಲ್ಲ. ಬಿಲ್ಲಿನ ಮೇಲೆ 43 ಎಂದು ಅಚ್ಚು ಹಾಕಿದರೆ ರೈತನಿಗೇನು ಅರ್ಥವಾದೀತು? ತಾರೀಖು, ವೇಳೆ ಬೇಕೇ ಬೇಕು. ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯುವುದಕ್ಕೆ ಮಾತ್ರ ಎರಡೂ ಬೇಡ, ಹಿಂದಕ್ಕೆ ಹೋಗದ ಮೊನೊಟಾನಿಕ್ ಕ್ಲಾಕ್ ಬಳಸಿ.

ಲ್ಯಾಂಪೋರ್ಟ್ ಕೌಂಟರಿಗೂ ಮಿತಿಯಿದೆ. ನೆಟ್ ಇಲ್ಲದಾಗ ಇಬ್ಬರೂ ಒಬ್ಬರದ್ದೊಬ್ಬರು ನೋಡದೆ ಅದೇ ಲಾಟ್ ತಿದ್ದಿದ್ದರೆ, ದೊಡ್ಡ ಸಂಖ್ಯೆ ಇದೆ ಎಂದ ಮಾತ್ರಕ್ಕೆ ಅದು ಆಮೇಲಿನದಾಗುವುದಿಲ್ಲ. ಇದನ್ನು ಪತ್ತೆ ಹಚ್ಚಲು ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಎಣಿಕೆ ಇಡುವ ವೆಕ್ಟರ್ ಕ್ಲಾಕ್ ಬೇಕು. 1988ರ ಸುಮಾರಿಗೆ ಫಿಜ್ ಮತ್ತು ಮ್ಯಾಟರ್ನ್ ಎಂಬ ಸಂಶೋಧಕರು ಬೇರೆಬೇರೆಯಾಗಿ ರೂಪಿಸಿದ್ದು. ಎರಡು ಮೂರು ಕಂಪ್ಯೂಟರ್ ಇರುವ ಅಂಗಡಿಗೆ ಅದೇನೂ ಭಾರವಲ್ಲ. ಘರ್ಷಣೆ ಕಂಡರೆ ಸಾಫ್ಟ್‌ವೇರ್ ತಾನೇ ಒಂದನ್ನು ಆರಿಸಬಾರದು. ಎರಡೂ ದರಗಳನ್ನು ಅಕ್ಕಪಕ್ಕ ತೋರಿಸಲಿ, ದರದ ಚೀಟಿ ನೋಡಿ ಗುಮಾಸ್ತರು ಆರಿಸುವವರೆಗೆ ಬಿಲ್ಲು ಪ್ರಿಂಟ್ ಆಗದಿರಲಿ.