ಜಾಹೀರಾತು ಬೇಡ ಎಂದ ಪತ್ರಿಕೆಯೂ ಎಡವಿತ್ತು

ಆಹಾರದ ಬಗ್ಗೆ ಬರೆಯುವ ಪತ್ರಿಕೆ 'ನಾವು ಸ್ವತಂತ್ರರು' ಎಂದರೆ ಮೊದಲು ತಲೆಗೆ ಬರುವುದು ದುಡ್ಡಿನ ವಿಷಯ. ಕಂಪನಿಗಳ ಜಾಹೀರಾತಿಲ್ಲ, ಪ್ರಾಯೋಜಕರಿಲ್ಲ, ಹಾಗಾಗಿ ನಂಬಬಹುದು ಅಂತ ಅಲ್ವಾ? ಅಮೆರಿಕದ 'ನ್ಯೂಟ್ರಿಷನ್ ಆಕ್ಷನ್' ಅಂಥದ್ದೇ ಪತ್ರಿಕೆ. ಜಾಹೀರಾತು ಹಾಕುವುದಿಲ್ಲ ಎಂಬುದು ಅದರ ಹೆಗ್ಗಳಿಕೆ. ಅದೇ ಪತ್ರಿಕೆ 1988ರಲ್ಲಿ ಒಂದು ಲೇಖನ ಹಾಕಿತು. ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ ಎಣ್ಣೆಯ ಮೇಲಿನ ಆರೋಪಗಳು ನಿಲ್ಲುವುದಿಲ್ಲ, ಅದು ಹೆಚ್ಚುಕಡಿಮೆ ನಿರಪರಾಧಿ ಎಂಬುದು ಅದರ ಸಾರ. ಹೈಡ್ರೋಜನ್ ಸೇರಿಸಿದ ಎಣ್ಣೆ ಎಂದರೆ ನಮ್ಮ ಡಾಲ್ಡಾ ಜಾತಿಯದ್ದು. ಹೃದಯಕ್ಕೆ ಕೆಟ್ಟದ್ದು ಎಂದು ಈಗ ಗೊತ್ತಾಗಿರುವ ಟ್ರಾನ್ಸ್ ಕೊಬ್ಬು ಹೆಚ್ಚಾಗಿ ಬರುತ್ತಿದ್ದದ್ದು ಅದರಿಂದಲೇ.

ಆ ಪತ್ರಿಕೆಯನ್ನು ನಡೆಸುವುದು 1971ರಲ್ಲಿ ಹುಟ್ಟಿದ 'ಸೆಂಟರ್ ಫಾರ್ ಸೈನ್ಸ್ ಇನ್ ದ ಪಬ್ಲಿಕ್ ಇಂಟರೆಸ್ಟ್' ಎಂಬ ಸಂಸ್ಥೆ. ಬಳಕೆದಾರರ ಪರ ಹೋರಾಡುತ್ತಿದ್ದ ರಾಲ್ಫ್ ನೇಡರ್ ಜೊತೆ ಕೆಲಸ ಮಾಡಿದ್ದ ಮೈಕೆಲ್ ಜೇಕಬ್ಸನ್ ಮತ್ತು ಇನ್ನಿಬ್ಬರು ವಿಜ್ಞಾನಿಗಳು ಇದನ್ನು ಕಟ್ಟಿದರು. ಕಂಪನಿಗಳ ದುಡ್ಡು ಮುಟ್ಟಬಾರದು ಎಂಬ ಅವರ ಹಠಕ್ಕೆ ಕಾರಣವಿತ್ತು. ಎಷ್ಟು ದೊಡ್ಡ ಕಾರಣ ಎಂಬುದು ಗೊತ್ತಾಗಲು ಮಾತ್ರ 2016ರವರೆಗೆ ಕಾಯಬೇಕಾಯಿತು.

ಆ ವರ್ಷ ಸಂಶೋಧಕಿ ಕ್ರಿಸ್ಟಿನ್ ಕರ್ನ್ಸ್ ಮತ್ತು ಜೊತೆಗಾರರು ಹಳೆಯ ಕಡತಗಳನ್ನು ಕೆದಕಿ ಒಂದು ವಿಷಯ ಹೊರಗೆ ತಂದರು. 1960ರ ದಶಕದಲ್ಲಿ ಅಮೆರಿಕದ ಸಕ್ಕರೆ ಉದ್ಯಮದ ಸಂಶೋಧನಾ ಸಂಸ್ಥೆ ಹಾರ್ವರ್ಡ್ ವಿಜ್ಞಾನಿಗಳಿಗೆ 6,500 ಡಾಲರ್ ಕೊಟ್ಟಿತ್ತು. 2016ರ ಲೆಕ್ಕದಲ್ಲಿ ಅದು ಸುಮಾರು 50,000 ಡಾಲರ್. ಹೃದಯ ಕಾಯಿಲೆಗೆ ಸಕ್ಕರೆಗಿಂತ ಕೊಬ್ಬೇ ಕಾರಣ ಎನ್ನುವ ವಿಮರ್ಶಾ ಲೇಖನ 1967ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಎರಡು ಕಂತುಗಳಲ್ಲಿ ಬಂತು. ಕರಡನ್ನು ಸಕ್ಕರೆಯವರು ಮೊದಲೇ ಓದಿ, ನಮಗೆ ಬೇಕಿದ್ದದ್ದು ಇದೇ ಎಂದು ಪತ್ರ ಬರೆದಿದ್ದರು. ಲೇಖನದಲ್ಲಿ ಬೇರೆ ಕೆಲವು ಧನಸಹಾಯಗಳ ಉಲ್ಲೇಖವಿತ್ತು, ಸಕ್ಕರೆಯ ದುಡ್ಡಿನದ್ದು ಇರಲಿಲ್ಲ. ಆಗ ಹಾಗೆ ಹೇಳಬೇಕೆಂಬ ನಿಯಮವೇ ಇರಲಿಲ್ಲ ಎಂಬುದೂ ನಿಜ. ಆ ಜರ್ನಲ್ ಲೇಖಕರಿಂದ ಹಣದ ವಿವರ ಕೇಳಲು ಶುರು ಮಾಡಿದ್ದು 1984ರಲ್ಲಿ. ಆ ಕಾಲದಲ್ಲಿ ಇದೆಲ್ಲ ಮಾಮೂಲಿಯಾಗಿತ್ತು, ಪಿತೂರಿ ಎಂದು ಕರೆಯುವುದು ಜಾಸ್ತಿಯಾಯಿತು ಎಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಇರಬಹುದು. ಆದರೆ ಕರಡು ತೋರಿಸಿದ್ದು ನನಗಂತೂ ಮಾಮೂಲಿ ಅನ್ನಿಸುವುದಿಲ್ಲ.

ದುಡ್ಡಿನ ದಾರಿ ಮುಚ್ಚಿದ್ದ ಪತ್ರಿಕೆ ಟ್ರಾನ್ಸ್ ಕೊಬ್ಬಿನಲ್ಲಿ ಎಡವಿದ್ದು ಹೇಗೆ?

1980ರ ದಶಕದಲ್ಲಿ ಅಮೆರಿಕದ ಫಾಸ್ಟ್‌ಫುಡ್ ಅಂಗಡಿಗಳು ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲಿ ಕರಿಯುತ್ತಿದ್ದವು. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಬೆಣ್ಣೆ, ತುಪ್ಪದಲ್ಲಿರುವಂಥ ಗಟ್ಟಿ ಕೊಬ್ಬು, ಜಾಸ್ತಿ. ಅದನ್ನು ಬಿಡಿಸಲು ಈ ಸಂಸ್ಥೆ ದೊಡ್ಡ ಚಳವಳಿಯನ್ನೇ ನಡೆಸಿತು. ಅದೇ ಕೊಬ್ಬು ಹೆಚ್ಚಿರುವ ತಾಳೆ ಎಣ್ಣೆ, ತೆಂಗಿನೆಣ್ಣೆಗಳೂ ಅದರ ಕೆಂಗಣ್ಣಿಗೆ ಬಿದ್ದವು. ನಮ್ಮ ಕರಾವಳಿಯ ಅಡುಗೆಮನೆಯವರು ಕೇಳಿದ್ದರೆ ನಕ್ಕುಬಿಡುತ್ತಿದ್ದರೇನೋ. ಚಳವಳಿ ಗೆದ್ದಿತು. 1990ರ ಜುಲೈನಲ್ಲಿ ಮ್ಯಾಕ್‌ಡೊನಾಲ್ಡ್ಸ್ ಕೂಡ ದನದ ಕೊಬ್ಬು ಬಿಟ್ಟು ಸಸ್ಯದ ಎಣ್ಣೆಗೆ ಬಂತು. ಆದರೆ ಇಡೀ ದಿನ ಕುದಿಯುವ ಬಾಣಲೆಗೆ ಮಾಮೂಲಿ ಎಣ್ಣೆ ಬಾಳಿಕೆ ಬರುವುದಿಲ್ಲ. ಹಾಗಾಗಿ ಉದ್ಯಮಕ್ಕೆ ಸಿಕ್ಕ ಬದಲಿ, ಅರ್ಧಂಬರ್ಧ ಹೈಡ್ರೋಜನ್ ಸೇರಿಸಿದ ಎಣ್ಣೆ.

ಟ್ರಾನ್ಸ್ ಕೊಬ್ಬಿನ ಬಗ್ಗೆ ಮೇರಿ ಎನಿಗ್ ಎಂಬ ವಿಜ್ಞಾನಿ 1970ರ ದಶಕದ ಕೊನೆಯಿಂದಲೇ ಎಚ್ಚರಿಸುತ್ತಿದ್ದರು. 1988ರಲ್ಲಿ ಕೈಯಲ್ಲಿದ್ದ ಸಾಕ್ಷ್ಯ ಕಡಿಮೆ, ಒಪ್ಪೋಣ. ಆದರೆ 'ಇನ್ನೂ ಸರಿಯಾಗಿ ಗೊತ್ತಿಲ್ಲ' ಎನ್ನುವುದು ಬೇರೆ, 'ಆರೋಪ ನಿಲ್ಲುವುದಿಲ್ಲ' ಎನ್ನುವುದು ಬೇರೆ. ನನಗೆ ಅನ್ನಿಸುವಂತೆ, ಸ್ಯಾಚುರೇಟೆಡ್ ಕೊಬ್ಬೇ ಖಳನಾಯಕ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರಿಗೆ ಇನ್ನೊಬ್ಬ ಖಳನಾಯಕ ಬೇಡವಾಗಿದ್ದ.

ಎರಡೇ ವರ್ಷಕ್ಕೆ ಉತ್ತರ ಬಂತು. 1990ರ ಆಗಸ್ಟ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಮೆನ್ಸಿಂಕ್ ಮತ್ತು ಕಾಟನ್ ತಮ್ಮ ಅಧ್ಯಯನ ಪ್ರಕಟಿಸಿದರು. 59 ಮಂದಿ ಆರೋಗ್ಯವಂತರು, ಮೂರು ಬಗೆಯ ಊಟ, ಒಂದೊಂದೂ ಮೂರು ಮೂರು ವಾರ. ಊಟಗಳ ನಡುವಿನ ಮುಖ್ಯ ವ್ಯತ್ಯಾಸ ಕೊಬ್ಬಿನ ಬಗೆಯದ್ದು. ಟ್ರಾನ್ಸ್ ಕೊಬ್ಬು ತಿಂದಾಗ ಕೆಟ್ಟ ಕೊಲೆಸ್ಟ್ರಾಲ್ ಏರಿತು, ಒಳ್ಳೆಯದು ಇಳಿಯಿತು. ಸ್ಯಾಚುರೇಟೆಡ್ ಕೊಬ್ಬು ಒಳ್ಳೆಯದನ್ನು ಹೀಗೆ ಇಳಿಸಿರಲಿಲ್ಲ. 1993ರಲ್ಲಿ ಹಾರ್ವರ್ಡ್‌ನ ದಾದಿಯರ ದೊಡ್ಡ ಅಧ್ಯಯನವೂ ಟ್ರಾನ್ಸ್ ಕೊಬ್ಬಿನತ್ತಲೇ ಬೊಟ್ಟು ಮಾಡಿತು.

ಪತ್ರಿಕೆ ತನ್ನ ನಿಲುವು ಬದಲಿಸಿತು. 1994ರಲ್ಲಿ ಅದೇ ಸಂಸ್ಥೆ, ಟ್ರಾನ್ಸ್ ಕೊಬ್ಬಿನ ಪ್ರಮಾಣವನ್ನು ಪೊಟ್ಟಣದ ಮೇಲೆ ಹಾಕಲೇಬೇಕು ಎಂದು ಅಮೆರಿಕದ ಆಹಾರ ಇಲಾಖೆಗೆ ಅರ್ಜಿ ಕೊಟ್ಟಿತು. ನಿಯಮ ಜಾರಿಗೆ ಬಂದದ್ದು 2006ರಲ್ಲಿ. ಅದರಲ್ಲೂ ಒಂದು ತೂತು: ಒಂದು ಸಲ ಬಡಿಸುವಷ್ಟರಲ್ಲಿ ಅರ್ಧ ಗ್ರಾಂಗಿಂತ ಕಡಿಮೆ ಇದ್ದರೆ ಸೊನ್ನೆ ಎಂದು ಬರೆಯಬಹುದು. ಆ ಎಣ್ಣೆ ಸುರಕ್ಷಿತ ಎಂದು ಒಪ್ಪಲಾಗದು ಎಂದು ಇಲಾಖೆ ತೀರ್ಮಾನಿಸಿದ್ದು 2015ರಲ್ಲಿ. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಎಣ್ಣೆ ಮತ್ತು ಕೊಬ್ಬಿನಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2021ಕ್ಕೆ ಶೇ 3, 2022ರ ಜನವರಿಯಿಂದ ಶೇ 2 ಮಾಡಿತು.

ಅಂದಮೇಲೆ ದುಡ್ಡು ತೆಗೆದುಕೊಳ್ಳದಿದ್ದರೆ ಸಾಲದು, ಅಧ್ಯಯನ ಓದಲೂ ಬರಬೇಕು. 2015ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಇದನ್ನು ಕುಚೇಷ್ಟೆ ಮಾಡಿಯೇ ತೋರಿಸಿದ. ಚಾಕೊಲೇಟ್ ತಿಂದರೆ ಬೇಗ ತೂಕ ಇಳಿಯುತ್ತದೆ ಎಂಬ 'ಅಧ್ಯಯನ'. ಜನ ನಿಜವಾದವರೇ, ಅಳತೆಯೂ ನಿಜವೇ. ಆದರೆ ಇದ್ದದ್ದು 15 ಜನ, ಅಳೆದದ್ದು ತೂಕ, ಕೊಲೆಸ್ಟ್ರಾಲ್, ನಿದ್ದೆ ಅಂತ 18 ಸಂಗತಿ. ಒಂದೊಂದರಲ್ಲೂ ಸುಮ್ನೆ ಆಕಸ್ಮಿಕವಾಗಿ ವ್ಯತ್ಯಾಸ ಕಾಣುವ ಸಾಧ್ಯತೆ ನೂರಕ್ಕೆ ಐದು ಎಂದಿಟ್ಟುಕೊಳ್ಳಿ. ಹದಿನೆಂಟು ಸೇರಿದರೆ ಎಲ್ಲಾದರೂ ಒಂದು ಕಡೆ 'ಫಲಿತಾಂಶ' ಸಿಗುವ ಸಾಧ್ಯತೆ ನೂರಕ್ಕೆ ಸುಮಾರು 60. ತೂಕದಲ್ಲಿ ಸಿಕ್ಕಿತು, ಅದನ್ನೇ ಹಿಡಿದುಕೊಂಡರು. ದುಡ್ಡು ಕೊಟ್ಟರೆ ಹಾಕುವ ಜರ್ನಲ್ ಪ್ರಕಟಿಸಿತು, ಜರ್ಮನಿಯ 'ಬಿಲ್ಡ್' ಸೇರಿ ಎಷ್ಟೋ ಪತ್ರಿಕೆಗಳು ಸುದ್ದಿ ಮಾಡಿದವು. ಎಷ್ಟು ಜನರ ಮೇಲೆ ಮಾಡಿದ ಅಧ್ಯಯನ ಎಂದು ಕೇಳಿದ್ದರೆ ಸಾಕಿತ್ತು, ಸುದ್ದಿ ಅಲ್ಲೇ ನಿಲ್ಲುತ್ತಿತ್ತು.

ಭಾರತದಲ್ಲಿ ನಿಯಮಗಳು ಹೆಚ್ಚಾಗಿ ದುಡ್ಡಿನ ಸುತ್ತಲೇ ಬೆಳೆದಿವೆ. ಶಿಶು ಹಾಲಿನ ಪುಡಿಯ ಕಂಪನಿಗಳು ವೈದ್ಯರ ವಿಚಾರ ಸಂಕಿರಣ, ಫೆಲೋಶಿಪ್‌ಗಳಿಗೆ ಹಣ ಹಾಕದಂತೆ 1992ರ ಕಾಯ್ದೆ, ಅದರ 2003ರ ತಿದ್ದುಪಡಿ ತಡೆಯುತ್ತವೆ. ಆರೋಗ್ಯದ ಸಲಹೆ ಕೊಡುವ ಇನ್‌ಫ್ಲುಯೆನ್ಸರ್‌ಗಳು ತಮ್ಮ ಅರ್ಹತೆ ತಿಳಿಸಬೇಕು ಎಂಬ ಮಾರ್ಗಸೂಚಿ 2023ರ ಆಗಸ್ಟ್‌ನಲ್ಲಿ ಬಂತು. ಎರಡೂ ಬೇಕಾದವೇ. ಆದರೆ ಹೋದ ವರ್ಷ ಬರೆದದ್ದು ತಪ್ಪಾದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನು ಪತ್ರಿಕೆ ತನಗೆ ತಾನೇ ಕೇಳಿಕೊಳ್ಳಬೇಕು.

ಸ್ಪೇನ್‌ನ 'ಪ್ರೆಡಿಮೆಡ್' ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಆಲಿವ್ ಎಣ್ಣೆ ಅಥವಾ ಬಾದಾಮಿ, ಅಕ್ರೋಟಿನಂಥ ಬೀಜಗಳನ್ನು ಹೆಚ್ಚು ತಿನ್ನುವ ಮೆಡಿಟರೇನಿಯನ್ ಊಟದಿಂದ ಹೃದಯಾಘಾತ, ಪಾರ್ಶ್ವವಾಯುಗಳು ಸುಮಾರು ಶೇ 30ರಷ್ಟು ಕಡಿಮೆಯಾದವು ಎಂದು 2013ರಲ್ಲಿ ದೊಡ್ಡ ಸುದ್ದಿಯಾಯಿತು. ಇದ್ದದ್ದು 7,447 ಜನ. ಆಮೇಲೆ ಇಂಗ್ಲೆಂಡಿನ ಅರಿವಳಿಕೆ ವೈದ್ಯ ಜಾನ್ ಕಾರ್ಲೈಲ್ ಸಾವಿರಾರು ಅಧ್ಯಯನಗಳ ಅಂಕಿಅಂಶ ಜಾಲಾಡಿದಾಗ ಇದರ ಮೇಲೂ ಅನುಮಾನ ಬಂತು. ಲೇಖಕರು ಹಿಂತಿರುಗಿ ನೋಡಿದರೆ, ಯಾರಿಗೆ ಯಾವ ಊಟ ಎಂಬುದನ್ನು ಎಲ್ಲ ಕಡೆಯೂ ಚೀಟಿ ಎತ್ತಿದ ಹಾಗೆ ಹಂಚಿರಲಿಲ್ಲ. ಕೆಲವೆಡೆ ಒಂದೇ ಮನೆಯವರಿಗೆಲ್ಲ ಒಂದೇ ಊಟ, ಒಂದು ಕೇಂದ್ರದಲ್ಲಿ ಇಡೀ ಕ್ಲಿನಿಕ್‌ಗೇ ಒಂದು ಊಟ. 2018ರ ಜೂನ್‌ನಲ್ಲಿ ಅವರೇ ಲೇಖನ ಹಿಂಪಡೆದರು, ಲೆಕ್ಕ ಮತ್ತೆ ಹಾಕಿ ಪ್ರಕಟಿಸಿದರು. ಅಂಕಿ ಹೆಚ್ಚು ಬದಲಾಗಲಿಲ್ಲ, ಹೇಳುವ ಧಾಟಿ ಮೆತ್ತಗಾಯಿತು.

2013ರಲ್ಲಿ ಇದನ್ನು ಬರೆದಿದ್ದ ಪತ್ರಿಕೆಗೆ ಮಾಡಲು ಇದ್ದದ್ದು ಇಷ್ಟೇ: ಹಳೆಯ ಲೇಖನವನ್ನು ಅಳಿಸದೆ, ಅದರ ತಲೆಯ ಮೇಲೆ ತಾರೀಖು ಹಾಕಿ ಎರಡು ಸಾಲು. 'ಈ ಅಧ್ಯಯನವನ್ನು ಹಿಂಪಡೆದು ಮತ್ತೆ ಪ್ರಕಟಿಸಲಾಗಿದೆ. ಗುಂಪು ಮಾಡುವಾಗ ತಪ್ಪಾಗಿತ್ತು, ಹಾಗಾಗಿ ಕೆಳಗೆ ನಾವು ಬರೆದಷ್ಟು ಖಚಿತವಾಗಿ ಈಗ ಹೇಳಲು ಬರುವುದಿಲ್ಲ.'