ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋವಾಗ ರೇ ಟ್ರೇಸಿಂಗ್‌ಗೆ ಎಷ್ಟು ಬೆಲೆ ಕೊಡ್ಬೇಕು?

ಮಳೆನೀರು ನಿಂತಿರೋ ರಸ್ತೆ ಇರೋ ಒಂದು ಗೇಮ್ ಹಾಕಿ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರ ಮೂಡಿಸೋ ವಿಧಾನ) ಆಫ್ ಮಾಡಿ, ನೀರಲ್ಲಿ ಕಾಣೋ ಬಿಲ್ಡಿಂಗ್ ನೋಡ್ತಾ ಕ್ಯಾಮೆರಾನ ನಿಧಾನಕ್ಕೆ ಕೆಳಗೆ ಬಾಗಿಸಿ. ತುಂಬಾ ಗೇಮ್‌ಗಳಲ್ಲಿ ಬಿಲ್ಡಿಂಗ್‌ನ ತುದಿ ಸ್ಕ್ರೀನ್‌ನಿಂದ ಆಚೆ ಹೋಗ್ತಿದ್ದಂಗೆ ನೀರಲ್ಲಿರೋ ಪ್ರತಿಬಿಂಬಾನೂ ಕರಗ್ತಾ ಹೋಗತ್ತೆ, ಯಾಕಂದ್ರೆ ಅಲ್ಲಿ ಬಳಸೋ ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಅನ್ನೋ ವಿಧಾನಕ್ಕೆ ಸ್ಕ್ರೀನ್ ಮೇಲೆ ಆಗ್ಲೇ ಇರೋದನ್ನ ಬಿಟ್ರೆ ಬೇರೇನೂ ಗೊತ್ತಿಲ್ಲ. ರೇ ಟ್ರೇಸಿಂಗ್ ಆನ್ ಮಾಡಿದ್ರೆ ಆ ಬಿಲ್ಡಿಂಗ್ ಸ್ಕ್ರೀನ್‌ನಿಂದ ಆಚೆ ಹೋದ್ರೂ ನೀರಲ್ಲಿ ಕಾಣತ್ತೆ.

ರೇ ಟ್ರೇಸಿಂಗ್ ಮಾಡೋದಿಷ್ಟೇ, ಪಿಕ್ಸೆಲ್‌ನಿಂದ ಕಿರಣ ಬಿಡೋದು, ಅದು ಎಲ್ಲಿ ತಗುಲತ್ತೆ ಅಲ್ಲಿಂದ ಎತ್ತ ಪುಟಿಯತ್ತೆ ಅಂತ ಲೆಕ್ಕ ಹಾಕೋದು. 1980ರಲ್ಲೇ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಟರ್ನರ್ ವಿಟೆಡ್ ಇದನ್ನ ಮಾಡಿ ತೋರಿಸಿದ್ರು, ಆಗ ಕೆಲವು ಚಿತ್ರಗಳಿಗೆ ಒಂದೊಂದಕ್ಕೇ ಒಂದು ಗಂಟೆ ಮೇಲೆ ಹಿಡೀತಿತ್ತು. ಈಗ 1080ಪಿ ಸ್ಕ್ರೀನ್‌ನಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇವೆ, 60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮ್) ಬೇಕಂದ್ರೆ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್ ಟೈಮ್. ಪಿಕ್ಸೆಲ್‌ಗೆ ಒಂದೇ ಕಿರಣ ಅಂದ್ರೂ ಸೆಕೆಂಡಿಗೆ 12 ಕೋಟಿ ದಾಟತ್ತೆ, ಪ್ರತಿ ಕಿರಣಾನೂ ಸೀನ್ ಕಟ್ಟಿರೋ ಲಕ್ಷಾಂತರ ತ್ರಿಕೋನಗಳಲ್ಲಿ ಯಾವ್ದಕ್ಕೆ ತಗುಲ್ತು ಅಂತ ಬೇರೆ ಹುಡುಕ್ಬೇಕು.

ಅದಕ್ಕೇ ಬಿವಿಎಚ್ (ಬೌಂಡಿಂಗ್ ವಾಲ್ಯೂಮ್ ಹೈರಾರ್ಕಿ) ಇರೋದು. ಇಡೀ ಸೀನ್‌ನ ಪೆಟ್ಟಿಗೆಯೊಳಗೆ ಪೆಟ್ಟಿಗೆ ಥರ ಜೋಡಿಸಿಟ್ಟಿರ್ತಾರೆ, ದೊಡ್ಡ ಪೆಟ್ಟಿಗೆಗೇ ಕಿರಣ ತಗುಲಿಲ್ಲ ಅಂದ್ರೆ ಒಳಗಿರೋ ಸಾವಿರಾರು ತ್ರಿಕೋನ ಮುಟ್ಟೋದೇ ಬೇಡ. 2018ರಲ್ಲಿ ಎನ್ವಿಡಿಯಾ ಆರ್‌ಟಿಎಕ್ಸ್ 20 ಸೀರೀಸ್‌ನಲ್ಲಿ ಈ ಹುಡುಕಾಟಕ್ಕೇ ಬೇರೆ ಆರ್‌ಟಿ ಕೋರ್ ಕೊಡ್ತು. 2020ರಲ್ಲಿ ಎಎಂಡಿ ಆರ್‌ಎಕ್ಸ್ 6000 ಬಂತು, ಆದ್ರೆ ಅದರಲ್ಲಿ ಕಿರಣ ತಗುಲ್ತಾ ಇಲ್ವಾ ಅನ್ನೋ ಟೆಸ್ಟ್ ಮಾತ್ರ ಹಾರ್ಡ್‌ವೇರ್‌ನಲ್ಲಿ, ಮುಂದೆ ಯಾವ ಪೆಟ್ಟಿಗೆ ಅನ್ನೋದನ್ನ ಮಾಮೂಲಿ ಶೇಡರ್‌ಗಳೇ (ಕಾರ್ಡ್‌ನ ಸಾಮಾನ್ಯ ಲೆಕ್ಕದ ಘಟಕಗಳು) ನೋಡ್ಕೋಬೇಕಿತ್ತು. ಹಾಗಾಗಿ ಕಾರ್ಡ್‌ನ ಬಾಕ್ಸ್ ಮೇಲೆ ರೇ ಟ್ರೇಸಿಂಗ್ ಅಂತ ಬರೆದಿದ್ರೆ ಅದರಿಂದ ಹೆಚ್ಚೇನೂ ಗೊತ್ತಾಗಲ್ಲ, ಇದ್ಯಾ ಇಲ್ವಾ ಅನ್ನೋದಕ್ಕಿಂತ ಎಷ್ಟು ಗಟ್ಟಿಯಾಗಿದೆ ಅನ್ನೋದೇ ಮುಖ್ಯ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಆದ್ರೆ ಮಾತ್ರ ಇದ್ಯಾ ಇಲ್ವಾ ಅಂತ ಮೊದ್ಲು ನೋಡ್ಲೇಬೇಕು. ಎನ್ವಿಡಿಯಾದ ಜಿಟಿಎಕ್ಸ್ 10, 16 ಸೀರೀಸ್, ಎಎಂಡಿಯ ಆರ್‌ಎಕ್ಸ್ 5000 ಸೀರೀಸ್ ಇವುಗಳಲ್ಲಿ ಆ ಹಾರ್ಡ್‌ವೇರ್ ಇಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್, 2025ರ ಡೂಮ್ ದ ಡಾರ್ಕ್ ಏಜಸ್ ಎರಡು ಗೇಮ್‌ಗೂ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇರ್ಲೇಬೇಕು ಅಂತಾನೇ ಹೇಳಿದ್ದಾರೆ. ಇಷ್ಟು ದಿನ ಬೇಕಾದ್ರೆ ಆನ್ ಮಾಡ್ಕೊಳ್ಳಿ ಅಂತಿದ್ದಿದ್ದು ಈಗ ಗೇಮ್‌ನ ಬುಡಕ್ಕೇ ಬಂದು ಕೂತಿದೆ.

ಹಂಗಂತ ಆನ್ ಮಾಡಿದ್ದೆಲ್ಲಾ ಚೆಂದ ಅಲ್ಲ. ಬರೀ ನೆರಳಿಗೆ ಮಾತ್ರ ಹಾಕಿರೋ ಗೇಮ್‌ಗಳಲ್ಲಿ ಫ್ರೇಮ್ ಕಮ್ಮಿಯಾಗೋದು ಗೊತ್ತಾಗತ್ತೆ, ವ್ಯತ್ಯಾಸ ಗೊತ್ತಾಗಲ್ಲ. ಗ್ಲೋಬಲ್ ಇಲ್ಯುಮಿನೇಷನ್ (ಒಂದಕ್ಕೆ ತಗುಲಿ ಪುಟಿದ ಬೆಳಕು ಸುತ್ತ ಹರಡೋದು) ಹಂಗಲ್ಲ, ಕಿಟಕಿಯಿಂದ ಬಿದ್ದ ಬಿಸಿಲು ಕೆಂಪು ಗೋಡೆಗೆ ತಗುಲಿ ಪಕ್ಕದ ನೆಲಾನೂ ಸ್ವಲ್ಪ ಕೆಂಪಾಗೋದು ನೋಡಿದ್ರೆ ನಿಜವಾಗ್ಲೂ ಖುಷಿಯಾಗತ್ತೆ, ರೂಮ್ ರೂಮ್ ಥರ ಕಾಣತ್ತೆ, ನನ್ ಪ್ರಕಾರ ದುಡ್ಡು ಕೊಡ್ಬೋದು ಅಂದ್ರೆ ಇದಕ್ಕೇ. ಕಾಂಪಿಟಿಟಿವ್ ಶೂಟರ್ ಮಾತ್ರ ಆಡೋರು ಇದ್ಯಾವ್ದರ ಬಗ್ಗೇನೂ ತಲೆ ಕೆಡಿಸ್ಕೊಳ್ಳೋದು ಬೇಡ.

ಜನ ಮರೆಯೋದು ವಿರ‍್ಯಾಮ್‌ನ, ಅಂದ್ರೆ ಕಾರ್ಡ್‌ನದ್ದೇ ಮೆಮೊರಿನ. ಆ ಬಿವಿಎಚ್ ಕೂರೋದೂ ಅಲ್ಲೇ, ಹಾಗಾಗಿ 8 ಜಿಬಿ ಕಾರ್ಡ್‌ನಲ್ಲಿ ಹೈ ಟೆಕ್ಸ್ಚರ್ ಜೊತೆ ರೇ ಟ್ರೇಸಿಂಗ್ ಹಾಕಿದ್ರೆ ಎಷ್ಟೋ ಹೊಸ ಗೇಮ್‌ಗಳಲ್ಲಿ ಜಾಗ ಸಾಲ್ದೆ ಡೇಟಾ ಸಿಸ್ಟಮ್ ರ‍್ಯಾಮ್‌ಗೆ ಹೋಗಿ ಬಂದು ಆಟ ತಡವರಿಸತ್ತೆ, ಕೋರ್ ಎಷ್ಟೇ ಚೆನ್ನಾಗಿದ್ರೂ ಪ್ರಯೋಜನ ಇಲ್ಲ. ಎರಡು ಕಾರ್ಡ್ ಮಧ್ಯೆ ಒದ್ದಾಡ್ತಿದ್ರೆ ನಾನಂತೂ ಮೆಮೊರಿ ಜಾಸ್ತಿ ಇರೋದನ್ನೇ ತಗೋ ಅಂತೀನಿ.

ಬೆಂಚ್‌ಮಾರ್ಕ್ ನೋಡೋವಾಗ ನಿಮ್ಮ ಮಾನಿಟರ್‌ನ ರೆಸಲ್ಯೂಷನ್‌ನಲ್ಲಿ ರೇ ಟ್ರೇಸಿಂಗ್ ಆನ್ ಇರೋ ನಂಬರನ್ನೇ ನೋಡಿ, ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ (ಕಮ್ಮಿ ರೆಸಲ್ಯೂಷನ್‌ನಲ್ಲಿ ಚಿತ್ರ ಮಾಡಿ ದೊಡ್ಡದು ಮಾಡೋ ತಂತ್ರಗಳು) ಆನ್ ಇತ್ತಾ ಅಂತ ಕೇಳಿ, ಫ್ರೇಮ್ ಜನರೇಷನ್ (ಎರಡು ಫ್ರೇಮ್ ಮಧ್ಯೆ ಕಾರ್ಡ್ ತಾನೇ ಫ್ರೇಮ್ ಸೃಷ್ಟಿಸೋದು) ಹಾಕಿದ್ರೆ ಅದನ್ನ ತೆಗೆದು ಎಷ್ಟು ಬರತ್ತೆ ಅಂತ ಹುಡುಕಿ, ಯಾಕಂದ್ರೆ ಮಧ್ಯೆ ತುರುಕಿದ ಫ್ರೇಮ್‌ಗಳಿಂದ ಚಲನೆ ನಯವಾಗಿ ಕಾಣತ್ತೆ ಅಷ್ಟೇ, ಮೌಸ್ ಅಲ್ಲಾಡಿಸಿದ್ದು ಸ್ಕ್ರೀನ್ ಮೇಲೆ ಬೇಗ ಬರಲ್ಲ.